ಹಸಿದವರ ಹೆಸರಿಗೆ ಹೆಚ್ಚು ಚೀಟಿ

ಊರ ಚೌಕದಲ್ಲಿ ವೇದಿಕೆ. ಅದರ ಮೇಲೆ ಎರಡು ದೊಡ್ಡ ಗಾಜಿನ ಬೋಗುಣಿ. ಒಂದರಲ್ಲಿ ಹುಡುಗರ ಹೆಸರಿನ ಚೀಟಿಗಳು, ಇನ್ನೊಂದರಲ್ಲಿ ಹುಡುಗಿಯರವು. ಆ ಸಾವಿರಾರು ಚೀಟಿಗಳ ನಡುವೆ 12 ವರ್ಷದ ಪ್ರಿಮ್ ಎಂಬ ಹುಡುಗಿಯ ಹೆಸರಿರುವುದು ಒಂದೇ ಒಂದರಲ್ಲಿ. ಅವಳ ಅಕ್ಕ, 16ರ ಕ್ಯಾಟ್ನಿಸ್ ಎವರ್ಡೀನ್ ಹೆಸರಿನಲ್ಲಿ 20 ಚೀಟಿಗಳಿವೆ. ಆದರೂ ಕೈಗೆ ಸಿಕ್ಕಿದ್ದು ತಂಗಿಯದೇ. ಹೆಸರು ಕೂಗಿದೊಡನೆ ಪ್ರಿಮ್ ಬಿಳಿಚಿಕೊಂಡು ವೇದಿಕೆಯತ್ತ ನಡೆಯುತ್ತಾಳೆ. ಅವಳ ಅಂಗಿಯ ಹಿಂಬದಿ ಲಂಗದಿಂದ ಈಚೆ ಬಂದು ಜೋತಾಡುತ್ತಿರುತ್ತದೆ. ಅದು ಕಣ್ಣಿಗೆ ಬಿದ್ದದ್ದೇ ತಡ, ಅಕ್ಕ ಗುಂಪನ್ನು ಸೀಳಿಕೊಂಡು ಬಂದು, ತಂಗಿಯ ಬದಲು ತಾನೇ ಹೋಗುತ್ತೇನೆಂದು ಕೂಗುತ್ತಾಳೆ.

ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ ಕಾದಂಬರಿ ಶುರುವಾಗುವುದು ಹೀಗೆ. ಹದಿಹರೆಯದವರಿಗೆಂದು ಬರೆದ ಈ ಪುಸ್ತಕ ಪ್ರಕಟವಾದದ್ದು 2008ರ ಸೆಪ್ಟೆಂಬರ್‌ನಲ್ಲಿ. 2009ರಲ್ಲಿ ‘ಕ್ಯಾಚಿಂಗ್ ಫೈರ್’, 2010ರಲ್ಲಿ ‘ಮಾಕಿಂಗ್‌ಜೇ’ ಬಂದು ಮೂರು ಸಂಪುಟಗಳ ಕಥೆ ಪೂರ್ಣವಾಯಿತು. 2012ರಿಂದ ಸಿನಿಮಾಗಳೂ ಬಂದವು. ಜೆನಿಫರ್ ಲಾರೆನ್ಸ್ ಬಿಲ್ಲು ಹಿಡಿದು ನಿಂತ ಪೋಸ್ಟರ್ ಪುಸ್ತಕ ಓದದವರಿಗೂ ಪರಿಚಿತ. ಬಿಲ್ಲು, ಬೇಟೆ, ರೋಚಕತೆಯ ಕಾರಣಕ್ಕೆ ಇದನ್ನು ಸಾಹಸಕಥೆ ಎನ್ನುವವರೇ ಹೆಚ್ಚು. ಆದರೆ ಕಾದಂಬರಿಯ ಜೀವ ಇರುವುದು ಆ ಚೀಟಿಗಳ ಲೆಕ್ಕದಲ್ಲಿ.

ಕಥೆ ನಡೆಯುವುದು ಮುಂದೊಂದು ಕಾಲದಲ್ಲಿ, ಉತ್ತರ ಅಮೆರಿಕ ನಾಶವಾದ ಮೇಲೆ ಅದೇ ನೆಲದಲ್ಲಿ ಎದ್ದ ಪ್ಯಾನೆಮ್ ಎಂಬ ದೇಶದಲ್ಲಿ. ನಡುವೆ ಕ್ಯಾಪಿಟಲ್ ಎಂಬ ಸಿರಿವಂತ ರಾಜಧಾನಿ. ಸುತ್ತ 12 ಜಿಲ್ಲೆಗಳು. ನಾಲ್ಕನೆಯ ಜಿಲ್ಲೆ ಮೀನು ಹಿಡಿಯಬೇಕು, ಎಂಟನೆಯದು ಬಟ್ಟೆ ನೇಯಬೇಕು, ಹನ್ನೊಂದನೆಯದು ಹೊಲದಲ್ಲಿ ದುಡಿಯಬೇಕು, ಹನ್ನೆರಡನೆಯದು ಕಲ್ಲಿದ್ದಲು ಅಗೆಯಬೇಕು. ದುಡಿದದ್ದೆಲ್ಲ ರಾಜಧಾನಿಯ ಪಾಲು. ಹನ್ನೊಂದನೆಯ ಜಿಲ್ಲೆಯಲ್ಲಿ ತಾವೇ ಬೆಳೆದದ್ದನ್ನು ಬಾಯಿಗೆ ಹಾಕಿಕೊಂಡರೆ ಎಲ್ಲರೆದುರು ಛಡಿ ಏಟು. 74 ವರ್ಷಗಳ ಹಿಂದೆ ಜಿಲ್ಲೆಗಳು ದಂಗೆ ಎದ್ದು ಸೋತಿದ್ದವು. ಅದರ ಶಿಕ್ಷೆಯಾಗಿ ಪ್ರತಿ ವರ್ಷ ಪ್ರತಿ ಜಿಲ್ಲೆಯೂ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಕಪ್ಪವಾಗಿ ಒಪ್ಪಿಸಬೇಕು. ಆ 24 ಮಕ್ಕಳು ಒಬ್ಬರೇ ಉಳಿಯುವ ತನಕ ಪರಸ್ಪರ ಕೊಲ್ಲಬೇಕು. ಅದನ್ನು ಇಡೀ ದೇಶ ಟಿವಿಯಲ್ಲಿ ನೋಡಲೇಬೇಕು.

ಈಗ ಚೀಟಿಯ ಲೆಕ್ಕಕ್ಕೆ ಬರೋಣ. 12 ತುಂಬಿದಾಗ ಮಗುವಿನ ಹೆಸರು ಒಂದು ಸಲ ಬೋಗುಣಿಗೆ ಬೀಳುತ್ತದೆ. 13ಕ್ಕೆ ಎರಡು, 14ಕ್ಕೆ ಮೂರು, ಹೀಗೆ 18ಕ್ಕೆ ಏಳು. ಇಷ್ಟೇ ಆಗಿದ್ದರೆ ಬಡವ-ಬಲ್ಲಿದ ಎಲ್ಲರಿಗೂ ಒಂದೇ ನಿಯಮ. ಆದರೆ ಮನೆಯಲ್ಲಿ ಕಾಳಿಲ್ಲದಿದ್ದರೆ ಮಗು ತನ್ನ ಹೆಸರಿನ ಇನ್ನೊಂದು ಚೀಟಿ ಹಾಕಿಸಿ ‘ಟೆಸೆರಾ’ ಪಡೆಯಬಹುದು. ಅಂದರೆ ಒಬ್ಬರಿಗೆ ಒಂದು ವರ್ಷಕ್ಕೆ ಹೇಗೋ ಆಗುವಷ್ಟು ಧಾನ್ಯ, ಎಣ್ಣೆ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಹೀಗೆ ತರಬಹುದು. ಹಾಕಿದ ಚೀಟಿ ಆ ವರ್ಷಕ್ಕೆ ಮುಗಿಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ಕ್ಯಾಟ್ನಿಸ್ ತನಗೆ, ತಾಯಿಗೆ, ತಂಗಿಗೆ ಎಂದು ಪ್ರತಿ ವರ್ಷ ಮೂರು ಚೀಟಿ ಹೆಚ್ಚು ಹಾಕಿದ್ದಾಳೆ. ಆದ್ದರಿಂದಲೇ ಐದು ವರ್ಷಕ್ಕೆ 20. ಅವಳ ಗೆಳೆಯ ಗೇಲ್ ಐದು ಜನರ ಸಂಸಾರ ಹೊತ್ತವನು. 18ನೆಯ ವಯಸ್ಸಿಗೆ ಅವನ ಹೆಸರು 42 ಸಲ ಬೋಗುಣಿಯಲ್ಲಿದೆ.

ನೋಡುವವರಿಗೆ ಅದು ಅದೃಷ್ಟದಾಟ. ಒಳಗಿರುವುದು ರೇಷನ್ ಚೀಟಿಯ ಗಣಿತ.

ಈ ಲೆಕ್ಕ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹನ್ನೆರಡನೆಯ ಜಿಲ್ಲೆಯೊಳಗೇ ಎರಡು ವರ್ಗಗಳಿವೆ: ಗಣಿ ಕಾರ್ಮಿಕರ ಕೇರಿಯಾದ ‘ಸೀಮ್’ ಮತ್ತು ಅಂಗಡಿ ಇಟ್ಟುಕೊಂಡ ಪೇಟೆಯವರು. ಚೀಟಿ ಎತ್ತುವ ದಿನ ಮೇಯರ್ ಮಗಳು ಮ್ಯಾಡ್ಜ್ ಹೊಸ ಬಿಳಿ ಉಡುಪು ತೊಟ್ಟಿದ್ದನ್ನು ಕಂಡು ಗೇಲ್ ಸಿಡುಕುತ್ತಾನೆ. ತನಗೆ 12ರಲ್ಲೇ ಆರು ಚೀಟಿ ಇದ್ದವೆಂದು ಚುಚ್ಚುತ್ತಾನೆ. ಮ್ಯಾಡ್ಜ್ ಈ ನಿಯಮ ಮಾಡಿದವಳಲ್ಲ. ಆದರೆ ಸಿಟ್ಟು ತಿರುಗುವುದು ಎದುರಿಗೆ ಸಿಕ್ಕವಳ ಮೇಲೆ. ರಾತ್ರಿ ಊಟ ಖಾತ್ರಿಯಿಲ್ಲದವರೂ ಖಾತ್ರಿಯಿರುವವರೂ ಒಬ್ಬರನ್ನೊಬ್ಬರು ನಂಬದೆ ಇದ್ದರೆ ಕ್ಯಾಪಿಟಲ್‌ಗೆ ಕಾವಲುಗಾರರ ಕೆಲಸವೇ ಅರ್ಧ ಉಳಿಯುತ್ತದೆ. ಕಾಡಿನಲ್ಲಿ ಬೇಟೆಯಾಡುವಾಗ ಗೇಲ್ ಇದನ್ನೇ ಬಿಡಿಸಿ ಹೇಳುತ್ತಾನೆ.

ಆ ಜಿಲ್ಲೆಯಲ್ಲಿ ಜನ ಹಸಿವಿನಿಂದ ಸಾಯುತ್ತಾರೆ. ಆದರೆ ಸರ್ಕಾರಿ ದಾಖಲೆಯಲ್ಲಿ ಹಸಿವು ಎಂದೂ ಸಾವಿನ ಕಾರಣವಲ್ಲ. ಜ್ವರ, ಚಳಿ ಅಥವಾ ನ್ಯುಮೋನಿಯಾ. ಗಣಿ ಸ್ಫೋಟದಲ್ಲಿ ತಂದೆ ತೀರಿಕೊಂಡಾಗ ಕ್ಯಾಟ್ನಿಸ್‌ಗೆ 11 ವರ್ಷ. ಮಳೆಯಲ್ಲಿ ನೆನೆಯುತ್ತ ಬೇಕರಿಯ ಹಿತ್ತಲಿನ ಕಸದ ಡಬ್ಬಿ ತಡಕುವ ಅವಳನ್ನು ಬೇಕರಿಯವನ ಹೆಂಡತಿ ಗದರಿ ಓಡಿಸುತ್ತಾಳೆ. ಆಕೆಯ ಮಗ ಪೀಟಾ ಎರಡು ಬ್ರೆಡ್ ಸೀಯಲು ಬಿಟ್ಟು, ಅದಕ್ಕಾಗಿ ತಾಯಿಯಿಂದ ಏಟು ತಿಂದು, ಹಂದಿಗೆ ಹಾಕುವ ನೆಪದಲ್ಲಿ ಅವನ್ನು ಈ ಹುಡುಗಿಯತ್ತ ಎಸೆಯುತ್ತಾನೆ. ಕೇರಿಗೂ ಪೇಟೆಗೂ ನಡುವಿನ ಗೋಡೆ ಮೊದಲು ಬಿರುಕು ಬಿಟ್ಟದ್ದು ಅಲ್ಲಿ.

ಪ್ಯಾನೆಮ್ ಎಂದರೆ ಲ್ಯಾಟಿನ್‌ನಲ್ಲಿ ಬ್ರೆಡ್ ಎಂದೇ ಅರ್ಥ. ಜನರಿಗೆ ತಿನ್ನಲು ಬ್ರೆಡ್, ನೋಡಲು ಆಟ ಕೊಟ್ಟರೆ ಸಾಕು, ಅವರು ಅಧಿಕಾರದ ಗೊಡವೆ ಬಿಡುತ್ತಾರೆ ಎಂದು ರೋಮ್‌ನ ಕವಿ ಜುವೆನಲ್ ನೊಂದು ಬರೆದಿದ್ದ. ಕಾಲಿನ್ಸ್ ಹೆಸರು ತೆಗೆದುಕೊಂಡದ್ದು ಅಲ್ಲಿಂದ. ಒಂದು ರಾತ್ರಿ ಟಿವಿ ಚಾನೆಲ್ ಬದಲಿಸುತ್ತಿದ್ದಾಗ ಒಂದರಲ್ಲಿ ರಿಯಾಲಿಟಿ ಶೋ, ಇನ್ನೊಂದರಲ್ಲಿ ಇರಾಕ್ ಯುದ್ಧದ ದೃಶ್ಯ ಕಂಡು, ಎರಡೂ ಮನಸ್ಸಿನಲ್ಲಿ ಬೆರೆತು ಕಥೆ ಹುಟ್ಟಿತೆಂದು ಅವರು ಹೇಳಿದ್ದಾರೆ. ಅವರ ತಂದೆ ವಾಯುಪಡೆಯಲ್ಲಿದ್ದವರು, ವಿಯೆಟ್ನಾಂ ಯುದ್ಧಕ್ಕೂ ಹೋಗಿ ಬಂದವರು. ಕಾಲಿನ್ಸ್ ಬಾಲ್ಯದಲ್ಲಿ ಓದಿದ ಗ್ರೀಕ್ ಕಥೆಯೂ ಕಾದಂಬರಿಯ ಹಿನ್ನೆಲೆಯಲ್ಲಿತ್ತು: ಅಥೆನ್ಸ್ ನಗರ ಏಳು ಹುಡುಗರು, ಏಳು ಹುಡುಗಿಯರನ್ನು ಕ್ರೀಟ್‌ನ ರಾಕ್ಷಸನಿಗೆ ಕಳಿಸಬೇಕಿದ್ದ ಕಥೆ.

ಕನ್ನಡದ ಓದುಗರಿಗೆ ಇಲ್ಲಿ ಏಕಚಕ್ರಪುರದ ಬಕಾಸುರ ನೆನಪಾಗದೆ ಇರುವುದಿಲ್ಲ. ಅಲ್ಲಿಯೂ ಸರದಿಯಂತೆ ಮನೆಗೊಬ್ಬರು ಬಂಡಿ ಅನ್ನದ ಜೊತೆ ಹೋಗಬೇಕು. ಮಹಾಭಾರತದ ಆ ಬ್ರಾಹ್ಮಣ ಗೋಳಾಡುವಾಗ, ಬದಲಿಗೆ ಒಬ್ಬ ಮನುಷ್ಯನನ್ನು ಕೊಳ್ಳುವಷ್ಟು ಹಣ ತನ್ನಲ್ಲಿಲ್ಲ ಎಂದೂ ಹೇಳುತ್ತಾನೆ. ಸರದಿ ಎಲ್ಲರಿಗೂ ಸಮ, ತಪ್ಪಿಸಿಕೊಳ್ಳುವ ದಾರಿ ಮಾತ್ರ ಉಳ್ಳವರಿಗೆ. ಕಾಲಿನ್ಸ್ ಕಟ್ಟಿದ ಲೋಕದ ಕೇಡು ಆ ಒಂದು ಮಾತಿನಲ್ಲಿ ಅಡಗಿದೆ.

ಹನ್ನೆರಡನೆಯ ಜಿಲ್ಲೆ ಇರುವುದು ಹಿಂದೊಮ್ಮೆ ಆ್ಯಪಲೇಶಿಯಾ ಎನ್ನುತ್ತಿದ್ದ ಸೀಮೆಯಲ್ಲಿ ಎಂದು ಕಾದಂಬರಿಯೇ ತಿಳಿಸುತ್ತದೆ. ಅದು ಅಮೆರಿಕದ ನಿಜವಾದ ಕಲ್ಲಿದ್ದಲು ನಾಡು. ಅಲ್ಲಿನ ವೆಸ್ಟ್ ವರ್ಜೀನಿಯಾದ ಮೊನೊಂಗಾ ಗಣಿಯಲ್ಲಿ 1907ರಲ್ಲಿ ಸ್ಫೋಟವಾಗಿ, ಅಧಿಕೃತ ಲೆಕ್ಕದಂತೆಯೇ 362 ಮಂದಿ ಸತ್ತರು. ಬಹಳಷ್ಟು ಗಣಿ ಊರುಗಳಲ್ಲಿ ಸಂಬಳ ನಗದಾಗಿ ಸಿಗುತ್ತಿರಲಿಲ್ಲ; ಕಂಪನಿಯ ಅಂಗಡಿಯಲ್ಲಷ್ಟೇ ನಡೆಯುವ ಬಿಲ್ಲೆ ಕೊಡುತ್ತಿದ್ದರು. 1921ರಲ್ಲಿ ಅದೇ ರಾಜ್ಯದ ಬ್ಲೇರ್ ಬೆಟ್ಟದಲ್ಲಿ ಸುಮಾರು 10,000 ಕಾರ್ಮಿಕರು ಬಂದೂಕು ಹಿಡಿದು ನಿಂತರು. ಅವರ ಮೇಲೆ ಖಾಸಗಿ ವಿಮಾನಗಳಿಂದ ನಾಡಬಾಂಬ್ ಎಸೆದರು. ಕೊನೆಗೆ ಕೇಂದ್ರದ ಸೇನೆ ಬಂದಾಗ ಹೋರಾಟ ನಿಂತಿತು. ಕಾಲಿನ್ಸ್ ಭವಿಷ್ಯದ ಗಣಿಯನ್ನು ಇಟ್ಟದ್ದು ಇಂಥ ಚರಿತ್ರೆಯ ನೆಲದ ಮೇಲೆ.

ಕಾದಂಬರಿಯಲ್ಲಿ ದಂಗೆ ಶುರುವಾಗುವುದು ಬಂದೂಕಿನಿಂದಲ್ಲ. ಕಣದಲ್ಲಿ ಕ್ಯಾಟ್ನಿಸ್‌ಗೆ ಜೊತೆಯಾದ ಹನ್ನೊಂದನೆಯ ಜಿಲ್ಲೆಯ ರೂ ಎಂಬ 12ರ ಪೋರಿ ಈಟಿ ಚುಚ್ಚಿ ಸಾಯುತ್ತಾಳೆ. ಕ್ಯಾಟ್ನಿಸ್ ಆ ಪುಟ್ಟ ಶವವನ್ನು ಕಾಡುಹೂಗಳಿಂದ ಮುಚ್ಚುತ್ತಾಳೆ. ಸ್ವಲ್ಪ ಹೊತ್ತಿಗೆ ಆಕಾಶದಿಂದ ಒಂದು ಬ್ರೆಡ್ ಇಳಿದು ಬರುತ್ತದೆ. ರೂ ಜಿಲ್ಲೆಯ ಬಡಜನ ಹಣ ಕೂಡಿಸಿ, ಪರ ಜಿಲ್ಲೆಯ ಹುಡುಗಿಗೆ ಕಳಿಸಿದ ಉಡುಗೊರೆ ಅದು. ಮುಂದಿನ ಸಂಪುಟದಲ್ಲಿ ಆಕೆ ಅಲ್ಲಿಗೆ ಹೋದಾಗ ಒಬ್ಬ ಮುದುಕ ರೂ ಹಾಡುತ್ತಿದ್ದ ನಾಲ್ಕು ಸ್ವರಗಳ ಶಿಳ್ಳೆ ಹಾಕುತ್ತಾನೆ. ನೆರೆದವರೆಲ್ಲ ಮೂರು ಬೆರಳನ್ನು ತುಟಿಗೆ ಮುಟ್ಟಿಸಿ ಅವಳತ್ತ ಚಾಚುತ್ತಾರೆ. ಸೈನಿಕರು ಆ ಮುದುಕನ ತಲೆಗೆ ಗುಂಡಿಕ್ಕುತ್ತಾರೆ.

ಆ ಮೂರು ಬೆರಳು ಪುಸ್ತಕದಿಂದ ಬೀದಿಗೂ ಬಂದವು. 2014ರ ಮೇ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಜನ ಸದ್ದಿಲ್ಲದೆ ಮೂರು ಬೆರಳೆತ್ತಿ ನಿಂತರು. ಆ ವರ್ಷದ ನವೆಂಬರ್‌ನಲ್ಲಿ ಖೋನ್ ಕೇನ್ ನಗರದಲ್ಲಿ ಪ್ರಧಾನಿಯ ಎದುರೇ ಹಾಗೆ ನಿಂತ ಐವರು ವಿದ್ಯಾರ್ಥಿಗಳನ್ನು ಹಿಡಿದೊಯ್ದರು. ಬ್ಯಾಂಕಾಕ್‌ನ ಒಂದು ಚಿತ್ರಮಂದಿರ ಸಮೂಹ ‘ಮಾಕಿಂಗ್‌ಜೇ’ ಸಿನಿಮಾದ ಪ್ರದರ್ಶನವನ್ನೇ ಕೈಬಿಟ್ಟಿತು. 2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲೂ ಸೇನಾ ಕ್ರಾಂತಿಯಾಯಿತು. ವೈದ್ಯರು, ದಾದಿಯರು ಮೂರು ಬೆರಳೆತ್ತಿದರು. ಫೆಬ್ರವರಿ 26ರಂದು ವಿಶ್ವಸಂಸ್ಥೆಯಲ್ಲಿ ಆ ದೇಶದ ರಾಯಭಾರಿ ಚೊ ಮೊ ತುನ್ ಸೇನೆಯ ವಿರುದ್ಧ ಮಾತನಾಡಿ, ಭಾಷಣದ ಕೊನೆಗೆ ಅದೇ ಸನ್ನೆ ಮಾಡಿದರು.

ಮಕ್ಕಳು ಮಕ್ಕಳನ್ನು ಕೊಲ್ಲುವ ಕಥೆ ಮಕ್ಕಳಿಗೆ ಬೇಕೇ ಎಂದು ಕೇಳುವವರಿದ್ದಾರೆ. ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪ ಎದುರಿಸಿದ ಪುಸ್ತಕಗಳ ವಾರ್ಷಿಕ ಪಟ್ಟಿಯಲ್ಲಿ 2010, 2011 ಮತ್ತು 2013ರಲ್ಲಿ ಇದರ ಹೆಸರಿತ್ತು. ಹೆತ್ತವರ ಆತಂಕ ಹುಸಿಯಲ್ಲ, ಪುಸ್ತಕದಲ್ಲಿ ರಕ್ತವಿದೆ. ಆದರೆ ಒಂದು ಸಾವೂ ಇಲ್ಲಿ ರಂಜನೆಗಾಗಿ ಬಂದಿಲ್ಲ. ಸತ್ತ ಮಕ್ಕಳು ಕ್ಯಾಟ್ನಿಸ್‌ಳ ಕನಸಿನಲ್ಲಿ ಮರಳಿ ಬರುತ್ತಾರೆ.

ಹದಿಹರೆಯದ ಮಕ್ಕಳ ಕೈಗೆ ಈ ಪುಸ್ತಕ ಕೊಡುವವರು ಒಂದನೆಯ ಸಂಪುಟಕ್ಕೆ ನಿಲ್ಲಬಾರದು, ಮೂರನ್ನೂ ಕೊಡಬೇಕು. ಕೊನೆಯ ಸಂಪುಟದಲ್ಲಿ ದಂಗೆ ಗೆಲ್ಲುತ್ತದೆ. ಗೆದ್ದ ನಾಯಕಿ ಕಾಯಿನ್ ಮಾಡುವ ಮೊದಲ ಪ್ರಸ್ತಾಪಗಳಲ್ಲೊಂದು, ಇನ್ನೊಮ್ಮೆ ಅದೇ ಆಟ ನಡೆಸೋಣ, ಈ ಸಲ ಕ್ಯಾಪಿಟಲ್‌ನ ಮಕ್ಕಳನ್ನು ಕಣಕ್ಕಿಳಿಸೋಣ ಎಂಬುದು. ಅದು ಮತಕ್ಕೂ ಬೀಳುತ್ತದೆ. ಆ ಪುಟ ತಲುಪಿದಾಗ ಪುಸ್ತಕ ಮಡಚಿಟ್ಟು, ನಿಮ್ಮ ಮತ ಯಾವ ಕಡೆ ಎಂದು ಮಕ್ಕಳನ್ನು ಕೇಳಿ. ಅವರು ಉತ್ತರಿಸಿದ ಮೇಲೆ ಜೊತೆಗೆ ಕೂತು ಮುಂದಿನ ಪುಟ ಓದಿ.