ಅಂತರ್ಜಾಲ ವಿಮಾನಯಾನದಲ್ಲಿ ಸಂಚಾರ ನಿಯಂತ್ರಣ: ಆರಂಭಿಕರಿಗೊಂದು ವಿವರಣೆ

ಮುಳಬಾಗಿಲು ತಾಲ್ಲೂಕಿನ ಬೈರಕೂರಿನಿಂದ ಪಶ್ಚಿಮಾಭಿಮುಖವಾಗಿ ರೇಖೆಯೊಂದನ್ನು ಎಳೆದರೆ, ಅದು ಹೆಚ್ಚು ಕಡಮೆ ದೇವನಹಳ್ಳಿಯ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದತ್ತ ಸಾಗುತ್ತದೆ. 2008ರಲ್ಲಿ ಆರಂಭವಾದ ಈ ನಿಲ್ದಾಣದ ಎರಡು ರನ್‌ವೇಗಳೂ ಪೂರ್ವ-ಪಶ್ಚಿಮವಾಗಿವೆ. ಗಾಳಿ ಪಶ್ಚಿಮದಿಂದ ಬೀಸುವಾಗ ವಿಮಾನಗಳು ಕೋಲಾರದ ದಿಕ್ಕಿನಿಂದಲೇ ಬಂದಿಳಿಯುತ್ತವೆ. ಇದೇ ಆಕಾಶದಲ್ಲಿ ಇಂದು ವಿದ್ಯಾರ್ಥಿಯೊಬ್ಬನು ಕಂಪ್ಯೂಟರಿನ ಮುಂದೆ ಕುಳಿತು ವಿಮಾನ ನಡೆಸಬಹುದು. ಅಷ್ಟೇ ಅಲ್ಲ, ಇನ್ನೊಂದೆಡೆ ಕುಳಿತ ಜೀವಂತ ನಿಯಂತ್ರಕನೊಡನೆ ಮಾತನಾಡಲೂಬಹುದು. ಇತಿಹಾಸದ ಅಧ್ಯಾಪಕರಾದ ನಮಗೆ ಇದರಲ್ಲಿ ಏನು ಆಸಕ್ತಿಯೆಂದು ಓದುಗರು ಕೇಳಬಹುದು. ಉತ್ತರವು ಮುಂದೆ ತಾನಾಗಿಯೇ ವಿದಿತವಾಗುವುದು.

ಇಂತಹ ಸಂಪರ್ಕವನ್ನು ಒದಗಿಸುವ ಸಂಸ್ಥೆಗಳಲ್ಲಿ 1998ರಲ್ಲಿ ಹುಟ್ಟಿದ ಐವಿಎಓ, 2001ರಲ್ಲಿ ಹುಟ್ಟಿದ ವ್ಯಾಟ್‌ಸಿಮ್ ಎಂಬೆರಡು ಮುಖ್ಯವಾದವು. ಇವುಗಳಿಗೆ ಸೇರಲು ಶುಲ್ಕವಿಲ್ಲ; ಇವುಗಳಲ್ಲಿ ನಿಯಂತ್ರಕರಾಗಿರುವವರೂ ತರಬೇತಿ ಪಡೆದ ಸ್ವಯಂಸೇವಕರೇ.

ಆರಂಭಿಕನು ಮೊದಲು ಸದಸ್ಯನಾಗಿ, ಪ್ರಾಥಮಿಕ ಪಾಠಗಳನ್ನು ಓದಿಕೊಳ್ಳಬೇಕು. ತರುವಾಯ ವಿಮಾನವನ್ನು ನಿಲುಗಡೆಯ ಸ್ಥಳದಲ್ಲಿಯೇ ಇರಿಸಿ ಸಂಪರ್ಕ ಪಡೆಯಬೇಕು; ರನ್‌ವೇಯ ಮೇಲೆ ಹಠಾತ್ತನೆ ಪ್ರತ್ಯಕ್ಷನಾಗುವುದು ನಿಯಮಕ್ಕೆ ವಿರುದ್ಧ. ಫ್ಲೈಟ್ ಪ್ಲಾನ್ ಸಲ್ಲಿಸಿದ ಮೇಲೆ ಅನುಮತಿಗಳು ಕ್ರಮವಾಗಿ ದೊರೆಯುತ್ತವೆ: ಮಾರ್ಗದ ಅನುಮತಿಯನ್ನು ಡೆಲಿವರಿಯೂ, ನೆಲದ ಮೇಲಿನ ಚಲನೆಯನ್ನು ಗ್ರೌಂಡೂ, ಏರುವಿಕೆ ಇಳಿಯುವಿಕೆಗಳನ್ನು ಟವರೂ, ನಿಲ್ದಾಣದ ಸುತ್ತಣ ಆಕಾಶವನ್ನು ಅಪ್ರೋಚೂ ನೋಡಿಕೊಳ್ಳುತ್ತವೆ. ಯಾವ ನಿಯಂತ್ರಕನೂ ಇಲ್ಲದಿದ್ದಲ್ಲಿ, ವ್ಯಾಟ್‌ಸಿಮ್ಮಿನಲ್ಲಿ 122.800 ಎಂಬ ಸಾಮಾನ್ಯ ತರಂಗದ ಮೇಲೆ ತನ್ನ ಉದ್ದೇಶವನ್ನು ಇತರರಿಗೆ ತಿಳಿಸಬೇಕು.

ಇವೆಲ್ಲಕ್ಕಿಂತಲೂ ಮುಖ್ಯವಾದುದು ರೀಡ್‌ಬ್ಯಾಕ್. "ರನ್‌ವೇ ಟೂ ಸೆವೆನ್ ರೈಟ್, ಕ್ಲಿಯರ್ಡ್ ಫಾರ್ ಟೇಕಾಫ್" ಎಂದು ಟವರ್ ಹೇಳಿದರೆ, ಅದೇ ಮಾತುಗಳನ್ನು ತನ್ನ ವಿಮಾನದ ಹೆಸರಿನೊಡನೆ ಮರಳಿ ಹೇಳಬೇಕು. "ಆಗಲಿ" ಎಂಬ ಉತ್ತರ ಸಾಲದು. ಇದು ವ್ಯರ್ಥವಾದ ಶಿಷ್ಟಾಚಾರವೆಂದು ಹೊಸಬರಿಗೆ ತೋರುವುದುಂಟು. ಆದರೆ ಇದರ ಹಿಂದೆ ಒಂದು ದಾರುಣವಾದ ಚರಿತ್ರೆಯಿದೆ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ, ಅನುಮತಿ ದೊರೆಯುವ ಮುನ್ನವೇ ಒಂದು ವಿಮಾನವು ಏರಲು ಓಡತೊಡಗಿ, ರನ್‌ವೇಯ ಮೇಲಿದ್ದ ಇನ್ನೊಂದಕ್ಕೆ ಡಿಕ್ಕಿ ಹೊಡೆಯಿತು. ಸತ್ತವರು 583 ಮಂದಿ. ಅಂದಿನ ಸಂಭಾಷಣೆಯಲ್ಲಿ ಟೇಕಾಫ್ ಎಂಬ ಶಬ್ದವು ಅಸ್ಪಷ್ಟವಾಗಿ ಬಳಕೆಯಾಗಿತ್ತು. ಆ ಶಬ್ದವನ್ನು ಇಂದು ಏರುವ ಅನುಮತಿಯನ್ನು ಕೊಡುವಾಗ ಅಥವಾ ರದ್ದುಗೊಳಿಸುವಾಗ ಮಾತ್ರ ಬಳಸುತ್ತಾರೆ. ಉಳಿದೆಡೆ ಡಿಪಾರ್ಚರ್ ಎನ್ನುತ್ತಾರೆ.

ನಮ್ಮ ದೇಶದ ಅನುಭವವೂ ಇದನ್ನೇ ಸಾರುತ್ತದೆ. 1996ರ ನವೆಂಬರ್ 12ರಂದು ಹರಿಯಾಣದ ಚರಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಘರ್ಷಿಸಿ 349 ಮಂದಿ ಮಡಿದರು. 15,000 ಅಡಿಗಳವರೆಗೆ ಮಾತ್ರ ಇಳಿಯಲು ಅನುಮತಿಯಿದ್ದ ಕಜಕಸ್ತಾನದ ವಿಮಾನವು ಅದಕ್ಕಿಂತ ಕೆಳಗಿಳಿದು, 14,000 ಅಡಿಗಳಲ್ಲಿದ್ದ ಸೌದಿ ಅರೇಬಿಯದ ವಿಮಾನಕ್ಕೆ ಎದುರಾಯಿತು. ನಿಯಂತ್ರಕನ ಮಾತನ್ನು ರೇಡಿಯೋ ಸಹಾಯಕನು ಕೇಳಿದರೂ, ಅದರಂತೆ ವಿಮಾನವು ನಡೆಯಲಿಲ್ಲ. ಕೇಳಿದ ಮಾತು ನಡೆಸುವ ಕೈಗೆ ಯಥಾವತ್ತಾಗಿ ತಲುಪದಿದ್ದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ಕಡೆಯ ವಿದ್ಯಾರ್ಥಿಗಳು ಇಂಗ್ಲಿಷಿಗೆ ಅಂಜಿ ಹಿಂಜರಿಯುತ್ತಾರೆ. ಇಲ್ಲಿ ಬೇಕಾಗುವುದು ಭಾಷಾಪ್ರೌಢಿಮೆಯಲ್ಲ. ಕೆಲವೇ ನಿಯತವಾದ ವಾಕ್ಯಗಳು. ಮೊದಲು ಕೆಲವು ದಿನ ಕೇವಲ ಆಲಿಸಬಹುದು. ಧ್ವನಿಯ ಬದಲು ಬರೆವಣಿಗೆಯಿಂದ ಉತ್ತರಿಸಲೂ ಅವಕಾಶವಿದೆ. ಅರ್ಥವಾಗದಿದ್ದರೆ "ಸೇ ಅಗೇನ್" ಎಂದು ಕೇಳುವುದು ಅವಮಾನವಲ್ಲ. ಶಾಸನವನ್ನು ಓದುವವನು ಸವೆದ ಅಕ್ಷರವನ್ನು ಊಹೆಯಿಂದ ತುಂಬಿ, ಅದನ್ನೇ ಪಾಠವೆಂದು ಸಾಧಿಸಬಾರದೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ವಿಮಾನ ಚಾಲಕನಿಗೂ ನಿಯಮ ಅದೇ. ಅಲ್ಲಿ ಊಹೆಯಿಂದ ಒಂದು ಪಾಠ ಕೆಡುವುದು. ಆಕಾಶದಲ್ಲಿ ಪ್ರಾಣವೇ ಹೋಗುವುದು. ಕಂಪ್ಯೂಟರಿನ ಮುಂದೆ ಎರಡೂ ಹೋಗುವುದಿಲ್ಲ. ಆದುದರಿಂದಲೇ ತಪ್ಪುಮಾಡಿ ತಿದ್ದಿಕೊಳ್ಳಲು ಇದು ತಕ್ಕ ಸ್ಥಳವೆಂದು ನಾವು ಭಾವಿಸುತ್ತೇವೆ.