ಟೊಂಗೆಯ ಅಡಿಮಗ್ಗುಲಿನ ಹಕ್ಕಳೆ

ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ ಯಾವುದೇ ಕಾಡಂಚಿನಲ್ಲಿ ಬಿದ್ದ ಟೊಂಗೆಯೊಂದನ್ನು ಮಗುಚಿ ನೋಡಿ. ನೆಲದ ಕಡೆಗಿದ್ದ ಮಗ್ಗುಲಲ್ಲಿ ಬಿಳಿ, ಕೆನೆ, ಕಂದು, ತಿಳಿನೇರಳೆ ಬಣ್ಣದ ತೇಪೆಗಳು ಸುಣ್ಣ ಬಳಿದ ಹಾಗೆ ಮರಕ್ಕೆ ಅಂಟಿಕೊಂಡಿರುತ್ತವೆ. ಬೂಷ್ಟು ಎಂದು ದಾಟಿಹೋಗುವವರೇ ಹೆಚ್ಚು. ಇವು ನಿಜಕ್ಕೂ ನಾಯಿಕೊಡೆಯ ನೆಂಟರು. ಕಾಂಡವಿಲ್ಲ, ಕೊಡೆಯಿಲ್ಲ, ಅಷ್ಟೆ. ಇವನ್ನು ಹಕ್ಕಳೆ ಶಿಲೀಂಧ್ರಗಳು ಎನ್ನೋಣ.

ನಾಯಿಕೊಡೆಗೆ ಕಾಂಡ ಬೇಕಾಗುವುದು ಬೀಜಾಣುಗಳನ್ನು ನೆಲದಿಂದ ಮೇಲೆತ್ತಿ ಗಾಳಿಗೆ ಬಿಡುವುದಕ್ಕೆ. ಟೊಂಗೆಯ ಕೆಳಮೈಗೆ ಅಂಟಿಕೊಂಡ ಶಿಲೀಂಧ್ರಕ್ಕೆ ಆ ಎತ್ತರ ಪುಕ್ಕಟೆಯಾಗಿ ಸಿಗುತ್ತದೆ. ಮಳೆಯ ಹೊಡೆತವಿಲ್ಲ, ತೇವ ಬೇಗ ಆರುವುದಿಲ್ಲ, ಬೀಜಾಣುಗಳು ತಾವಾಗಿ ಕೆಳಗೆ ಉದುರುತ್ತವೆ. ಹಾಗಾಗಿ ಒಂದು ಮಿಲಿಮೀಟರಿಗಿಂತ ತೆಳುವಾದ ಪದರವೇ ಸಾಕು. ನಮಗೆ ಕಾಣುವುದು ಈ ಪದರ ಮಾತ್ರ. ಶಿಲೀಂಧ್ರದ ನಿಜವಾದ ಮೈ ಮರದೊಳಗೆ ಎಳೆಎಳೆಯಾಗಿ ಹರಡಿರುತ್ತದೆ.

ಇಷ್ಟು ಅಗ್ಗದ ಏರ್ಪಾಟು ಜೀವವಿಕಾಸದಲ್ಲಿ ಒಂದೇ ಸಲ ಬಂದದ್ದಲ್ಲ. ಹಿಂದಿನವರು ರೂಪ ನೋಡಿ ಇವನ್ನೆಲ್ಲ ಹೆಚ್ಚುಕಡಿಮೆ ಒಂದೇ ಕುಟುಂಬಕ್ಕೆ ಸೇರಿಸಿದ್ದರು. ಡಿಎನ್‌ಎ ಪರೀಕ್ಷೆ ಆ ಕುಟುಂಬವನ್ನು ಒಡೆಯಿತು. ಸ್ಟೀರಿಯಮ್ ಎಂಬ ಹಕ್ಕಳೆ ರುಸುಲಾ ಎಂಬ ಕೊಡೆ ಅಣಬೆಯ ಬಳಗಕ್ಕೆ ಸೇರಿತು. ಹೈಮೆನೋಕೀಟೆಯ ನೆಂಟಸ್ತಿಕೆ ಗಟ್ಟಿ ಕಂದು ಮರದಣಬೆಗಳ ಜೊತೆ. ಟೊಮೆಂಟೆಲ್ಲಾ ಅಂತೂ ಮರ ಕೊಳೆಸುವ ಗುಂಪಿನದೇ ಅಲ್ಲ. ಜೀವಂತ ಮರಗಳ ಬೇರಿನೊಡನೆ ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡ ಅದು ಸತ್ತ ಟೊಂಗೆಯನ್ನು ಬೀಜಾಣು ಉದುರಿಸುವ ಜಾಗವಾಗಿ ಮಾತ್ರ ಬಳಸುತ್ತದೆ. ಆದ್ದರಿಂದ ಹಕ್ಕಳೆಯ ಗುರುತು ಹಿಡಿಯುವಾಗ ಒಟ್ಟು ನೋಟವನ್ನು ನಂಬಿದರೆ ದಾರಿ ತಪ್ಪುವುದು ಖಂಡಿತ. ಬಣ್ಣವನ್ನಂತೂ ಕೊನೆಗೆ ನೋಡಬೇಕು. ಒದ್ದೆಯಾಗಿದ್ದಾಗ ಒಂದು, ಒಣಗಿದಾಗ ಇನ್ನೊಂದು.

ಮೊದಲು ಕಲ್ಲುಹೂವನ್ನು ಬೇರ್ಪಡಿಸಿ. ಮರದ ಮೇಲಿನ ಚಪ್ಪಟೆ ಕಲ್ಲುಹೂವು ಬೆಳಕು ಬೀಳುವ ಕಡೆ ಬೆಳೆಯುತ್ತದೆ. ಉಗುರಿನಿಂದ ಕೆರೆದರೆ ಒಳಗೆ ಪಾಚಿಯ ಹಸಿರು ಪದರ ಸಾಮಾನ್ಯವಾಗಿ ಕಾಣುತ್ತದೆ. ಹಕ್ಕಳೆ ಶಿಲೀಂಧ್ರದಲ್ಲಿ ಆ ಹಸಿರಿಲ್ಲ.

ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ಮೇಲ್ಮೈ ನೋಡಿ. ಸ್ಟೀರಿಯಮ್‌ನದು ನುಣುಪು. ಫ್ಲೀಬಿಯಾದಲ್ಲಿ ಸುಕ್ಕುಗಳಿರಬಹುದು. ಕ್ಸೈಲೋಡಾನ್‌ನಲ್ಲಿ ಸಣ್ಣ ಹಲ್ಲುಗಳು ಎದ್ದಿರುತ್ತವೆ. ಅಂಚಿನಲ್ಲೂ ಸುಳಿವಿದೆ: ಸ್ಟೀರಿಯಮ್‌ನ ಅಂಚು ಎಷ್ಟೋ ಸಲ ಮರದಿಂದ ಬಿಟ್ಟುಕೊಂಡು ಪುಟ್ಟ ಚಾಚಾಗಿ ನಿಲ್ಲುತ್ತದೆ, ಅದರ ಮೇಲ್ಭಾಗ ರೋಮಮಯ. ಫ್ಯಾನೆರೋಕೀಟೆಯ ಕೆಲವು ಜಾತಿಗಳ ಅಂಚಿನಿಂದ ದಾರದಂಥ ಎಳೆಗಳು ಹೊರಡುತ್ತವೆ.

ಮೂರನೆಯದು, ಗೀರಿ ನೋಡುವುದು. ಸೂಚಿಪರ್ಣಿ ಮರಗಳ ಮೇಲೆ ಬೆಳೆಯುವ ಸ್ಟೀರಿಯಮ್ ಸ್ಯಾಂಗ್ವಿನೊಲೆಂಟಮ್ ಹಸಿಯಾಗಿದ್ದಾಗ ಗೀರಿದರೆ ಆ ಗೀರು ಕೆಂಪಾಗಿ ಒಸರುತ್ತದೆ. ಅದೇ ಕುಲದ ಎಷ್ಟೋ ಜಾತಿಗಳು ಹೀಗೆ ಒಸರುವುದಿಲ್ಲ. ಒಣಗಿದ್ದರೆ ಈ ಪರೀಕ್ಷೆಯೇ ನಡೆಯದು. ಕಂದು ಹಕ್ಕಳೆಗಳಿಗೆ ಬೇರೆ ಉಪಾಯವಿದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ತೆಳು ದ್ರಾವಣದ ಒಂದು ಹನಿ ಬಿಟ್ಟರೆ ಹೈಮೆನೋಕೀಟೆ ಬಿದ್ದಲ್ಲೇ ಕಪ್ಪಾಗುತ್ತದೆ. ಒಳ್ಳೆಯ ಮಸೂರದಲ್ಲಿ ಅದರ ಮೈಮೇಲೆ ಗಾಢಕಂದು ಮುಳ್ಳುಗಳೂ ಕಾಣುತ್ತವೆ.

ಇನ್ನು ಮರದ ಪಾಡು. ಸೆಲ್ಯುಲೋಸನ್ನು ಹಿಡಿದಿಡುವ, ಸುಲಭಕ್ಕೆ ಜಗ್ಗದ ವಸ್ತು ಲಿಗ್ನಿನ್. ಹೆಚ್ಚಿನ ಹಕ್ಕಳೆಗಳು ಅದನ್ನೂ ಕರಗಿಸುತ್ತವೆ. ಮರ ಬೆಳ್ಳಗಾಗಿ, ನಾರುನಾರಾಗಿ ಮೆತ್ತಗಾಗುತ್ತದೆ. ಇದು ಬಿಳಿ ಕೊಳೆತ. ಕೆಲವು ಸೆಲ್ಯುಲೋಸನ್ನು ತಿಂದು ಲಿಗ್ನಿನ್ ಅನ್ನು ಬಹುಪಾಲು ಬಿಟ್ಟುಬಿಡುತ್ತವೆ. ಆಗ ಮರ ಕಂದಾಗಿ, ಚೌಕಚೌಕವಾಗಿ ಬಿರಿದು, ಬೆರಳಲ್ಲಿ ಪುಡಿಯಾಗುತ್ತದೆ. ಯುರೋಪಿನ ಹಳೆಯ ಮನೆಗಳ ತೊಲೆ, ಹಲಗೆಗಳನ್ನು ಹಾಳುಗೆಡವುವ ಸರ್ಪ್ಯುಲಾ ಲ್ಯಾಕ್ರಿಮನ್ಸ್ ಮಾಡುವುದು ಈ ಕಂದು ಕೊಳೆತವನ್ನು. ಅದು ಹಿಮಾಲಯದ ಕಾಡುಗಳಲ್ಲಿ ಸಹಜವಾಗಿ ಸಿಗುತ್ತದೆ.

ಇಲ್ಲಿಗೆ ಬರಿಗಣ್ಣಿನ ಕೆಲಸ ಮುಗಿಯಿತು. ಜಾತಿಯ ಹೆಸರು ಹೇಳಲು ಸಾಮಾನ್ಯವಾಗಿ ಸೂಕ್ಷ್ಮದರ್ಶಕವೇ ಬೇಕು. ಬೀಜಾಣು ಹೆರುವ ಕೋಶಗಳು, ಅವುಗಳ ನಡುವಿನ ಬಂಜೆ ಕೋಶಗಳ ಆಕಾರ, ಮೈಕ್ರಾನ್ ಲೆಕ್ಕದಲ್ಲಿ ಬೀಜಾಣುವಿನ ಉದ್ದಗಲ ಎಲ್ಲವನ್ನೂ ಅಳೆಯಬೇಕು. ಅಯೋಡಿನ್ ಬೆರೆತ ದ್ರಾವಣದಲ್ಲಿ ಸ್ಟೀರಿಯಮ್‌ನ ಬೀಜಾಣು ನೀಲಿ ತಿರುಗುತ್ತದೆ; ರುಸುಲಾದ ಬೀಜಾಣುವಿನ ಮೇಲಿನ ಗಂಟುಗಳೂ ನೀಲಿಯಾಗುತ್ತವೆ. ಹೊರಗೆ ಎಲ್ಲೂ ಕಾಣದ ನೆಂಟಸ್ತಿಕೆ ಹೀಗೆ ಒಂದು ಹನಿಯಲ್ಲಿ ತೋರುತ್ತದೆ. ಜಾನ್ ಎರಿಕ್ಸನ್ ಮತ್ತು ಲೀಫ್ ರಿವಾರ್ಡೆನ್ ಮುಂತಾದವರು ಉತ್ತರ ಯುರೋಪಿನ ಹಕ್ಕಳೆಗಳನ್ನು ವಿವರಿಸಲು 1973ರಿಂದ 1988ರವರೆಗೆ ಎಂಟು ಸಂಪುಟ ಹೊರತಂದರು. ನಮ್ಮಲ್ಲಿ ಎಸ್.ಎಸ್. ರತ್ತನ್ ವಾಯವ್ಯ ಹಿಮಾಲಯದ ಹಕ್ಕಳೆಗಳ ಬಗ್ಗೆ 1977ರಲ್ಲಿ ಗ್ರಂಥ ಪ್ರಕಟಿಸಿದರು.

ಇಷ್ಟೆಲ್ಲ ಕಷ್ಟಪಟ್ಟು ಹೆಸರು ಹಿಡಿಯುವುದೇಕೆ? ಒಂದೊಂದರ ಕಸುಬು ಒಂದೊಂದು. ಲಿಗ್ನಿನ್ ಒಡೆಯುವ ಕಿಣ್ವ 1983ರಲ್ಲಿ ಪತ್ತೆಯಾದದ್ದು ಫ್ಯಾನೆರೋಕೀಟೆ ಕ್ರೈಸೊಸ್ಪೋರಿಯಮ್ ಎಂಬ ಹಕ್ಕಳೆಯಲ್ಲಿ. ಅದು ಡಿಡಿಟಿಯನ್ನೂ ಒಡೆಯಬಲ್ಲದೆಂದು 1985ರಲ್ಲಿ ತಿಳಿಯಿತು. ಪೈನ್ ಮರ ಕಡಿದ ಬುಡಕ್ಕೆ ಫ್ಲೀಬಿಯೋಪ್ಸಿಸ್ ಜೈಗ್ಯಾಂಟಿಯಾ ಬಳಿದರೆ ಬೇರುಕೊಳೆ ಒಳನುಗ್ಗುವುದಿಲ್ಲವೆಂದು ಕೇಂಬ್ರಿಜ್‌ನ ಜಾನ್ ರಿಷ್‌ಬೆತ್ 1963ರಲ್ಲಿ ತೋರಿಸಿದರು. ಇತ್ತ ರಬ್ಬರ್ ಮರದ ಕವಲಿನಲ್ಲಿ ನೀರು ನಿಲ್ಲುವ ಕಡೆ ಶುರುವಾಗುವ ಗುಲಾಬಿ ಬಣ್ಣದ ಹಕ್ಕಳೆ ಜೀವಂತ ತೊಗಟೆಯನ್ನೇ ಕೊಲ್ಲುತ್ತದೆ. ಬೆಳೆಗಾರರು ಅದಕ್ಕೆ ಬೋರ್ಡೋ ಪೇಸ್ಟ್ ಹಚ್ಚುತ್ತಾರೆ.

ಮಾದರಿ ಕೂಡಿಡುವುದಾದರೆ ಬೆರಳುದ್ದದ ತುಂಡನ್ನು ಮರದ ಸಮೇತ ಕೊಯ್ದು ಒಣಗಿಸಿ, ಕಾಗದದ ಪೊಟ್ಟಣದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಬೂಷ್ಟು ಬರುತ್ತದೆ. ಟೊಂಗೆಯನ್ನು ಮೊದಲಿದ್ದಂತೆಯೇ ಮಗುಚಿಡಿ. ಪೊಟ್ಟಣದ ಮೇಲೆ ತಾರೀಖು, ಊರು, ತೊಗಟೆ ಇತ್ತೋ ಇಲ್ಲವೋ ಎಂಬುದನ್ನು ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ ಮರ ಯಾವುದೆಂದು ಬರೆಯಿರಿ. ಕುಂಬಾದ ತುಂಡನ್ನು ಪ್ರಯೋಗಾಲಯಕ್ಕೆ ಒಯ್ದ ಮೇಲೆ ಅದು ಮತ್ತಿಯೋ ನಂದಿಯೋ ಹೇಳುವುದು ಕಷ್ಟ. ಬೀಳುವ ಮೊದಲು ಆ ಮರವನ್ನು ನೋಡಿದ್ದ ಊರಿನವರಿಗೆ ಅದು ಗೊತ್ತಿರುತ್ತದೆ. ಅವರನ್ನು ಕೇಳಿ ಬರೆದುಕೊಂಡ ಒಂದು ಸಾಲು ಸೂಕ್ಷ್ಮದರ್ಶಕದ ಅರ್ಧ ಕೆಲಸ ಉಳಿಸಬಲ್ಲದು.