ಗಲ್ಫ್ ವಿಮಾನ ಹತ್ತುವ ಮುನ್ನ

ಕೆಜಿಎಫ್‌ನಲ್ಲಿ ಚಿನ್ನದ ಗಣಿ ನಡೆಯುತ್ತಿದ್ದಾಗ ಕಾರ್ಮಿಕರಿಗೆ ಕಂಪನಿಯದೇ ಆಸ್ಪತ್ರೆ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ದುಡಿಮೆಗೆ ಬಂಗಾರಪೇಟೆ ದಾಟಿ ಬೆಂಗಳೂರಿನ ರೈಲು ಹಿಡಿಯಬೇಕಾಯಿತು.

ನೀವು ಇನ್ನೂ ದೂರ, ಗಲ್ಫ್‌ಗೆ ಹೊರಟಿದ್ದೀರಾ? ಅಲ್ಲಿ ಆಸ್ಪತ್ರೆ ಖರ್ಚು ನೋಡಿಕೊಳ್ಳುವವರು ಯಾರು? ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ 'ಇಸಿಆರ್' (ವಲಸೆ ತಪಾಸಣೆ ಅಗತ್ಯ) ಎಂದಿರುತ್ತದೆ. ಹಾಗಿದ್ದರೆ ಕೆಲಸಕ್ಕೆ ಹೋಗಲು 'ಪ್ರವಾಸಿ ಭಾರತೀಯ ಬಿಮಾ ಯೋಜನೆ' ಎಂಬ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರಕ್ಕೆ 375, ತೆರಿಗೆ ಬೇರೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ. ಆಸ್ಪತ್ರೆ ಖರ್ಚಿಗೆ ಮಾತ್ರ ಒಂದೇ ಲಕ್ಷ. ಪರದೇಶದಲ್ಲಿ ಅದು ಯಾವ ಮೂಲೆಗೂ ಸಾಲದು!

ಆದರೆ ದುಬೈ, ಸೌದಿಯಲ್ಲಿ ಕೆಲಸಗಾರರ ಆರೋಗ್ಯ ವಿಮೆಯ ಹಣ ಕಟ್ಟಬೇಕಾದವರು ಮಾಲೀಕರೇ. ಕಾನೂನೇ ಹಾಗಿದೆ, ಸಂಬಳದಲ್ಲಿ ಮುರಿಯುವಂತಿಲ್ಲ. ಏಜೆಂಟ್ ಏನೇ ಹೇಳಲಿ, ಕರಾರುಪತ್ರದಲ್ಲಿ ಇದನ್ನು ಬರೆಸಿಕೊಳ್ಳಿ. ಅದರ ಒಂದು ಜೆರಾಕ್ಸ್ ಮನೆಯಲ್ಲಿ ಕೊಟ್ಟು ಹೋಗಿ.